ಲ್ಯಾಬ್ ಅಕ್ಕನ ಗುಮಾನಿ

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ವರ್ಷಗಟ್ಟಲೆ ಜನರ ತೋಳಿನ ಮೇಲೆ ಹತ್ತಿ ಒತ್ತಿ ಒತ್ತಿ ಹಾಗಾಗಿದೆ ಎಂದು ನಾನು ತಿಳಿದಿದ್ದೆ. ಹುಟ್ಟಿನಿಂದಲೇ ಹಾಗಿತ್ತಂತೆ. ಬೇರೆ ಕಡೆ ರಕ್ತ ತೆಗೆದ ಮೇಲೆ ಹತ್ತಿ ಕೊಟ್ಟು ಕಳಿಸಿಬಿಡುತ್ತಾರೆ. ಇವರು ತಾವೇ ಒತ್ತಿ ಹಿಡಿದು, ಗೋಡೆಯ ಗಡಿಯಾರ ನೋಡುತ್ತ ನಿಲ್ಲುತ್ತಿದ್ದರು. ರಕ್ತ ನಿಂತಿದೆ ಎಂದು ನಾವು ಹೇಳಿದರೆ ನಂಬುತ್ತಿರಲಿಲ್ಲ.

ಆಲ್ಕೊಳ ಸರ್ಕಲ್ಲಿನ ಹತ್ತಿರ, ಮಹಡಿಯ ಮೇಲೆ ಅವರದೊಂದು ಸಣ್ಣ ಲ್ಯಾಬು. ನಮಗೆಲ್ಲ ಅವರು ಲ್ಯಾಬ್ ಅಕ್ಕ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರಾದ್ದರಿಂದ ಬೈಗುಳ ಅರ್ಧ ತಮಿಳಿನಲ್ಲಿ ಬರುತ್ತಿತ್ತು. ತೆಂಗಿನಕಾಯಿಯನ್ನು ನಾಲ್ಕು ಸಲ ಅಲ್ಲಾಡಿಸಿ ನೋಡಿ, ಅಂಗಡಿಯವನು ಆರಿಸಿಕೊಟ್ಟದ್ದನ್ನು ಬಿಟ್ಟು ಬೇರೆಯದನ್ನು ತರುವ ಜಾತಿ. ರಕ್ತದ ಟ್ಯೂಬಿನ ಮೇಲೆ ಹೆಸರು ಬರೆದು ಅದನ್ನು ನಮ್ಮಿಂದಲೇ ಜೋರಾಗಿ ಓದಿಸುತ್ತಿದ್ದರು. "ನನ್ನ ಕೈಬರಹಾನೂ ನಂಬ್ಬೇಡ ಮಾರಾಯ್ತಿ, ನಾನೇನು ದೇವರಾ?" ಎನ್ನುತ್ತಿದ್ದರು.

ನಾನು ಅವರ ಬಳಿ ಹೋದದ್ದು ಮೂವತ್ತೊಂದನೆಯ ವಯಸ್ಸಿನಲ್ಲಿ. ಶಾಲೆಯಲ್ಲಿ ಪಾಠ ಮಾಡುತ್ತಿರುವಾಗಲೇ ತಲೆ ತಿರುಗಿ ಬೀಳುವಷ್ಟು ತಿಂಗಳ ಸ್ರಾವ. ಎರಡು ಬಾಟಲಿ ರಕ್ತ ಏರಿಸಿಕೊಂಡು ಬಂದಿದ್ದೆ. ಇನ್ನೂ ಹೀಗೇ ಆದರೆ ಗರ್ಭಕೋಶ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ನನಗೆ ಇನ್ನೂ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಎಲ್ಲರದೂ ಒಂದೇ ತೀರ್ಪು: ಉಷ್ಣದ ಮೈ. ಚಿಕ್ಕಂದಿನಿಂದ ಮೂಗಿನಲ್ಲಿ ರಕ್ತ ಬಂದಾಗಲೆಲ್ಲ ಕಾಮಕಸ್ತೂರಿ ಬೀಜ ನೆನೆಸಿದ ನೀರು ಕುಡಿಸಿಯೇ ನನ್ನನ್ನು ಬೆಳೆಸಿದ್ದು.

ಹತ್ತಿ ಒತ್ತಿಕೊಂಡೇ ಲ್ಯಾಬ್ ಅಕ್ಕ ವಿಚಾರಣೆ ಶುರು ಮಾಡಿದರು.

"ಹಲ್ಲು ಕೀಳಿಸಿದ್ದೀಯಾ?"

"ನಾನಿಲ್ಲ ಅಕ್ಕ. ಅಪ್ಪ ಕೀಳಿಸಿದಾಗ ಎರಡು ದಿನ ರಕ್ತ ನಿಂತಿರ್ಲಿಲ್ಲ. ಅವರದ್ದೂ ಉಷ್ಣದ ಮೈ."

"ಉಷ್ಣ!" ಎಂದು ಗಡಿಯಾರದಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. "ಎಂಟು ನಿಮಿಷ ಆಯ್ತು, ಇನ್ನೂ ಜಿನುಗ್ತಿದೆ. ನಂಗ್ಯಾಕೋ ಗುಮಾನಿ."

ಆಮೇಲೆ ಹೇಳಿದರು. ರಕ್ತನಾಳದ ಒಳಗೆ, ಕೋಟಿನ ಒಳಗಿರುವ ಹಾಗೆ, ಒಂದು ಅಸ್ತರ ಇರುತ್ತದಂತೆ. ಆ ಅಸ್ತರದ ಜೀವಕೋಶಗಳು ಒಂದು ಪ್ರೋಟೀನು ತಯಾರಿಸುತ್ತವೆ. ಗಾಯವಾದ ಕಡೆ ರಕ್ತ ಕಚ್ಚಿಕೊಂಡು ನಿಲ್ಲುವುದಕ್ಕೆ ಅದೇ ಅಂಟು. ವಾನ್ ವಿಲ್ಲೆಬ್ರಾಂಡ್ ಎಂಬ ಅದರ ಹೆಸರನ್ನು ಚೀಟಿಯಲ್ಲಿ ಬರೆದು, ಇದರ ಪರೀಕ್ಷೆಯಾಗದೆ ಯಾರ ಕೈಗೂ ಹೊಟ್ಟೆ ಕೊಡಬೇಡ, ಚೀಟಿಯನ್ನು ಡಾಕ್ಟರಿಗೆ ತೋರಿಸು ಎಂದರು.

ಅನುಮಾನ ಅವರೊಬ್ಬರ ಸ್ವತ್ತಲ್ಲವಲ್ಲ. ಟೆಸ್ಟ್ ಮೇಲೆ ಟೆಸ್ಟ್ ಮಾಡಿಸುವ ವ್ಯಾಪಾರ ಇದು ಎಂದು ಅತ್ತೆ ಹೇಳಿದರು, ನಾನೂ ಹೌದೆಂದು ತಲೆಯಾಡಿಸಿದೆ. ಡಾಕ್ಟರು ಮಾತ್ರ ಚೀಟಿ ನೋಡಿ, ಮಾಡಿಸಿ ಎಂದರು. ಲ್ಯಾಬ್ ಅಕ್ಕ ಮತ್ತೆ ರಕ್ತ ತೆಗೆದರು, ಸ್ಯಾಂಪಲ್ಲು ಬೆಂಗಳೂರಿಗೆ ಹೋಯಿತು. ವಾರದ ಮೇಲೆ ಬಂದ ರಿಪೋರ್ಟಿನಲ್ಲಿ ಎಲ್ಲವೂ ಸರಿಯಾಗಿತ್ತು. ನನಗೆ ಗೆದ್ದಷ್ಟು ಖುಷಿ. ಕಾಗದವನ್ನು ಅವರ ಮೇಜಿನ ಮೇಲಿಟ್ಟು, "ನೋಡಿ ಅಕ್ಕ, ನಿಮ್ಮ ಗುಮಾನಿ" ಎಂದೆ.

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಇದಕ್ಕೆ ರಕ್ತ ಕೊಟ್ಟ ದಿನ ನೀನು ಅತ್ಕೊಂಡು ಬಂದಿದ್ದೆ."

ನಿಜ. ಆಪರೇಷನ್ ವಿಷಯಕ್ಕೆ ಮನೆಯಲ್ಲಿ ಜಗಳವಾಡಿ, ರವೀಂದ್ರನಗರದಿಂದ ಅಳುತ್ತಲೇ ಹೋಗಿ, ಮೆಟ್ಟಿಲನ್ನು ಓಡಿ ಹತ್ತಿದ್ದೆ.

"ಹೆದರಿದ್ರೆ, ಅತ್ರೆ, ಓಡಿದ್ರೆ ಅಸ್ತರ ತಾನು ಬಚ್ಚಿಟ್ಟಿದ್ದನ್ನ ರಕ್ತಕ್ಕೆ ಬಿಡುತ್ತೆ. ಇದು ನಿನ್ನ ಗಾಬರಿ ರಿಪೋರ್ಟು. ನಾನೇ ತಪ್ಪು ಮಾಡ್ದೆ, ಸ್ವಲ್ಪ ಹೊತ್ತು ಕೂರಿಸದೇನೇ ರಕ್ತ ತೆಗೆದೆ. ಇನ್ನೊಂದು ಸಲ ಬಾ."

ಎರಡನೇ ಸಲ ಅತ್ತೆಯೂ ಕಾವಲಿಗೆಂಬಂತೆ ಬಂದರು. ಲ್ಯಾಬ್ ಅಕ್ಕ ನನ್ನ ಮೊಬೈಲು ಕಸಿದುಕೊಂಡು ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂರಿಸಿದರು. ಇಪ್ಪತ್ತು ನಿಮಿಷವಾದಾಗ ಅದೇನೋ ನೆನಪಾಗಿ ನನ್ನ ಕಣ್ಣು ತುಂಬಿತು. "ಮೊದಲಿಂದ ಅರ್ಧ ಗಂಟೆ" ಎಂದರು. "ಇದೇನು ಶಾಲೆಯಾ?" ಎಂದು ಅತ್ತೆ ಗೊಣಗಿದರೆ, "ಅಮ್ಮಾ, ನೀವೂ ಸುಮ್ನಿರಿ. ನಿಮ್ಮನ್ನ ನೋಡಿದ್ರೇನೇ ಇವಳ ಎದೆ ಹೊಡ್ಕೊಳ್ಳುತ್ತೆ" ಎಂದುಬಿಟ್ಟರು. ನನಗೆ ನಗು ಬಂತು. ಆ ನಗುವೂ ಇಳಿಯುವ ತನಕ ಕಾದು ಸೂಜಿ ಹಾಕಿದರು.

ಈ ಸಲ ಪ್ರೋಟೀನು ಇರಬೇಕಾದುದಕ್ಕಿಂತ ಬಹಳ ಕಡಿಮೆ ಇತ್ತು. ಮತ್ತೊಮ್ಮೆ ಪರೀಕ್ಷೆಯಾಗಿ ಅದೇ ನಿಜವೆಂದಾಯಿತು. ಆಪರೇಷನ್ ಮಾತು ನಿಂತಿತು. ಮಾತ್ರೆಗಳಲ್ಲೇ ಸ್ರಾವ ಹಿಡಿತಕ್ಕೆ ಬಂತು. ವರ್ಷ ಕಳೆದು ನಾನು ಬಸುರಿಯಾದೆ.

ಸಿಹಿ ಕೊಡಲು ಹೋದಾಗ ಅವರು ಪೇಡೆ ಮೂಸಿ ನೋಡಿಯೇ ತಿಂದರು. ಆಮೇಲೆ ರಿಪೋರ್ಟಿನ ಕವರಿನ ಹಿಂದೆ ಬರೆದುಕೊಟ್ಟರು: "ಬಸುರಲ್ಲಿ ಅದು ತಾನೇ ಏರುತ್ತೆ. ಹೆರಿಗೆ ದಿನ ಎಲ್ಲ ಸರಿ ಇರಬಹುದು, ನಂಬಬೇಡ. ಆಮೇಲೆ ಇಳಿಯುತ್ತೆ. ಮೂರು ವಾರ ಎಚ್ಚರ. ರಕ್ತ ಜಾಸ್ತಿ ಹೋದರೆ ಯಾರು ಏನೇ ಅಂದರೂ ಆಸ್ಪತ್ರೆಗೆ ಹೋಗು."

ನನಗೆ ಏಳು ತಿಂಗಳಾಗಿದ್ದಾಗ ಅವರು ತೀರಿಕೊಂಡರು. ಬೆಳಿಗ್ಗೆಯಿಂದ ಎದೆ ಉರಿಯುತ್ತಿದೆ, ಗ್ಯಾಸು ಎಂದು ಸೋಡಾ ಕುಡಿದು ಕೂತಿದ್ದರಂತೆ. ಊರಿನವರ ರಕ್ತವನ್ನೆಲ್ಲ ಅನುಮಾನಿಸಿದ ಹೆಂಗಸು ತನ್ನ ಎದೆನೋವನ್ನು ಗ್ಯಾಸೆಂದು ಹಾಗೆ ಸುಲಭವಾಗಿ ನಂಬಿದ್ದು ನೆನೆದರೆ ನನಗೆ ಈಗಲೂ ಅವರ ಮೇಲೆ ಸಿಟ್ಟು ಬರುತ್ತದೆ.

ಹೆರಿಗೆ ಸುಸೂತ್ರವಾಯಿತು. ಬಾಣಂತನಕ್ಕೆ ಭದ್ರಾವತಿಯ ತವರಿಗೆ ಹೋದೆ. ಹೆರಿಗೆಯಾದ ಹನ್ನೊಂದನೆಯ ದಿನ ಬೆಳಿಗ್ಗೆ ಬಟ್ಟೆಯ ಮೇಲೆ ಬಟ್ಟೆ ಒದ್ದೆಯಾಗತೊಡಗಿತು. "ಕೆಟ್ಟ ರಕ್ತ, ಹೋಗ್ಲಿ ಬಿಡು ಪುಟ್ಟಿ. ತಡೆದ್ರೆ ನಂಜಾಗುತ್ತೆ" ಎಂದು ಅಮ್ಮ ಬಿಸಿ ಸಾರು ತಂದಳು. ಬಾಣಂತಿಯರಿಗೆಲ್ಲ ಹೇಳುವ ಮಾತೇ. ನಾನು ತಲೆದಿಂಬಿನ ಕೆಳಗಿನ ಕವರು ತೆಗೆದು ಕೊಟ್ಟೆ. ಅಮ್ಮ ಓದಿದಳು. "ಸತ್ತೋರು ಬರೆದಿದ್ದು" ಎಂದು ಗೊಣಗಿ ಇನ್ನೊಮ್ಮೆ ಓದಿದಳು. ಸಾರನ್ನು ಅಲ್ಲೇ ಇಟ್ಟು ಆಟೋ ಕರೆಯಲು ಓಡಿದಳು. ಆಸ್ಪತ್ರೆಯಲ್ಲಿ ಆ ಕವರನ್ನೂ ಒಳಗಿದ್ದ ರಿಪೋರ್ಟನ್ನೂ ನೋಡಿಯೇ ನನಗೆ ಬೇಕಾದ ಔಷಧ ಕೊಟ್ಟು ರಕ್ತ ನಿಲ್ಲಿಸಿದರು. ನಾನು ಬದುಕಿರುವುದು ಅವರ ಆ ಗುಮಾನಿಯಿಂದ.

ಮಗಳಿಗೆ ಈಗ ಐದು. ಇದು ಅಪ್ಪನಿಂದ ನನಗೆ ಬಂದ ಹಾಗೆ ಅವಳಿಗೂ ಬಂದಿರಬಹುದೆಂದು ಹೋದ ತಿಂಗಳು ಅವಳದ್ದೂ ಪರೀಕ್ಷೆ ಮಾಡಿಸಿದೆ, ಬೇರೆ ಲ್ಯಾಬಿನಲ್ಲಿ. ಟ್ಯೂಬಿನ ಮೇಲಿನ ಹೆಸರನ್ನು ಅವಳಿಂದಲೇ ಅಕ್ಷರ ಕೂಡಿಸಿ ಓದಿಸಿದೆ. ಅಲ್ಲಿನ ಹುಡುಗಿ ಕೊಟ್ಟ ಹತ್ತಿಯನ್ನು ನಾನೇ ಒತ್ತಿ ಹಿಡಿದೆ. "ನಿಂತಿದೆ ಅಮ್ಮ" ಎಂದಳು ಮಗಳು. ನಾನು ಗಡಿಯಾರ ನೋಡುತ್ತಿದ್ದೆ.

ರಿಪೋರ್ಟು ಬಂದಿದೆ. ಎಲ್ಲ ಸರಿಯಾಗಿದೆಯಂತೆ. ಆದರೆ ಸೂಜಿ ನೋಡಿ ಅವಳು ಅವತ್ತು ತುಂಬ ಅತ್ತಿದ್ದಳು. ಸೋಮವಾರ ಮತ್ತೆ ಕರೆದುಕೊಂಡು ಹೋಗುತ್ತಿದ್ದೇನೆ, ಅರ್ಧ ಗಂಟೆ ಮೊದಲೇ.