ಇಲಿ ಮುಟ್ಟದ ಸೀರೆ

ಪಕ್ಕದ ಮನೆಯಲ್ಲಿ ಕೂಸಿನ ಸ್ನಾನಕ್ಕೆ ಬೇವಿನೆಲೆ ಕುದಿಸಿದಾಗಲೆಲ್ಲ ನನಗೆ ಬೆಟಗೇರಿಯ ನಮ್ಮ ನೇಕಾರರ ಓಣಿ ನೆನಪಾಗುತ್ತದೆ. ಆ ಕಹಿ ಘಾಟು ಮೂಗಿಗೆ ಬಿದ್ದರೆ ಸಾಕು, ಪಡಸಾಲೆಯ ಮಗ್ಗ, ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಪ್ಪ, ಅವ್ವನಿಲ್ಲದ ನಮ್ಮನ್ನು ಸಾಕಿದ ಅಜ್ಜಿ, ಎಲ್ಲರೂ ಎದ್ದು ಬರುತ್ತಾರೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ನಮ್ಮ ಮನೆತನದಲ್ಲಿ ಮದುಮಗಳು ತಂದೆ ನೆಯ್ದ ಸೀರೆಯನ್ನೇ ಉಟ್ಟು ಹಸೆಮಣೆ ಏರಬೇಕು. ಏಕೀಕರಣದ ವರ್ಷ ಅಕ್ಕನ ಮದುವೆ ಲಕ್ಷ್ಮೇಶ್ವರದ ಕಡೆ ಗೊತ್ತಾಯಿತು. ಅಪ್ಪ ಕೆಂಪು ನೂಲಿಗೆ ಗಂಜಿ ಹಚ್ಚಿ ಮಗ್ಗಕ್ಕೆ ಏರಿಸಿದ. ಆ ಬಣ್ಣದ ನೂಲು ಮನೆಯಲ್ಲಿದ್ದದ್ದು ಎರಡು ಸೀರೆಗಾಗುವಷ್ಟು ಮಾತ್ರ.

ಗಣೇಶ ಚೌತಿಯ ಮರುದಿನ ನಮ್ಮಲ್ಲಿ ಇಲಿವಾರ. ಅಂದು ಮಗ್ಗ ಆಡುವುದಿಲ್ಲ. ವರ್ಷವಿಡೀ ನೂಲು ಕಡಿಯಬೇಡಪ್ಪಾ ಎಂದು ಇಲಿಗೆ ಎಡೆ ಇಡುತ್ತಿದ್ದೆವು. ಮೊಮ್ಮಗಳ ಸೀರೆಯ ಚಿಂತೆಗೆ ಅಜ್ಜಿ ಆ ಸಲ ಅದನ್ನು ಒಂದು ದಿನಕ್ಕೆ ನಿಲ್ಲಿಸಲಿಲ್ಲ. ದಿನಾ ಸಂಜೆ ಕುಣಿಗೆ ರೊಟ್ಟಿ ಚೂರು, ಬೆಲ್ಲ ಬೀಳತೊಡಗಿತು. ಇಲಿಗಳು ತಮ್ಮ ಬೀಗರನ್ನೂ ಕರೆತಂದವು. ರೊಟ್ಟಿ ಮುಗಿದ ಮೇಲೆ ಬಾಯಾಡಿಸಲು ಗಂಜಿ ಹಚ್ಚಿದ ನೂಲು ಇದ್ದೇ ಇತ್ತು. ಒಂದು ಬೆಳಿಗ್ಗೆ ನೋಡಿದರೆ ಎಳೆಗಳೆಲ್ಲ ತುಂಡಾಗಿ ಜೋತುಬಿದ್ದಿದ್ದವು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. "ನಾಡೆಲ್ಲಾ ಕೂಡಾಕ ಹತ್ತೈತಿ, ನನ್ನ ಮಗಳ ಸೀರಿ ಎಳಿ ಕೂಡವಲ್ಲವು. ಇವತ್ತ ಪಾಷಾಣ ತಂದು ಇಡತೀನಿ!" ಅಜ್ಜಿ ಸಿಡಿದೆದ್ದಳು. "ಗಣಪ್ಪನ ಕುದರಿಗೆ ವಿಷಾ ಹಾಕ್ತಿಯೇನಲೇ? ಹಂಗಾದ್ರ ಮೊದಲ ನನಗ ಹಾಕು!" ಅಂದು ನಮ್ಮ ಮನೆಯಲ್ಲಿ ಉಂಡವು ಇಲಿಗಳು ಮಾತ್ರ.

ಅಳುತ್ತ ಕೂಡುತ್ತಾಳೆ ಅಂದುಕೊಂಡಿದ್ದ ಅಕ್ಕ ಸೆರಗು ಸಿಕ್ಕಿಸಿ ಎದ್ದಳು. ಬೇವಿನ ತಪ್ಪಲು ಕುದಿಸಿ, ಸೋಸಿ, ಆ ನೀರಿನಲ್ಲೇ ಜೋಳದ ಹಿಟ್ಟಿನ ಗಂಜಿ ಕಾಯಿಸಿದಳು. ಅಪ್ಪ ಬೆರಳ ತುದಿಯಲ್ಲಿ ನೆಕ್ಕಿ ಥೂ ಎಂದು ಉಗುಳಿದ. "ಇದನ್ನ ತಿಂದ್ರ ಇಲಿ ಸನ್ಯಾಸಿ ಆಗತೈತಿ" ಎಂದು ನಕ್ಕ. ಉಳಿದ ಕೆಂಪು ನೂಲನ್ನು ಓಣಿಯುದ್ದಕ್ಕೂ ಹಾಸಿ ಆ ಕಹಿ ಗಂಜಿ ಹಚ್ಚಿದೆವು. ಬಿಲಗಳಿಗೆ ಅಪ್ಪ ಗಾಜಿನ ಚೂರು ತುಂಬಿ ಗಚ್ಚು ಮೆತ್ತಿದ. ಅಜ್ಜಿಯನ್ನು ಒಲಿಸುವುದೊಂದು ಉಳಿದಿತ್ತು. "ಅಜ್ಜಿ, ದೇವರ ಕುದರಿಗೆ ಕುಣಿಯೊಳಗ ಯಾಕ ಉಣಸ್ತಿ? ಹಿತ್ತಲದಾಗ ಎಲಿ ಹಾಕಿ ಬಡಸು" ಎಂದಳು ಅಕ್ಕ. ಅಜ್ಜಿಗೆ ಆ ಮರ್ಯಾದೆ ಹಿಡಿಸಿತು. ಹಿತ್ತಲ ಗೋಡೆಯ ಮೇಲೆ ಪಕ್ಕದ ಮನೆಯ ಬೆಕ್ಕು ದಿನದಿನಕ್ಕೆ ದಪ್ಪಗಾಗುತ್ತಿದ್ದದ್ದು ಅವಳಿಗೆ ಕಾಣಲಿಲ್ಲ, ಕಾಣುವ ಮನಸ್ಸೂ ಇರಲಿಲ್ಲ.

ಸೀರೆ ಮಗ್ಗದಿಂದ ಇಳಿದ ದಿನ ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದ. ಎಲ್ಲಿಯೂ ಒಂದು ತೂತಿಲ್ಲ! ಓಣಿಯ ಜನ ಕೆಲಸ ಬಿಟ್ಟು ನೋಡಲು ಬಂದರು. ಮದುವೆಯಲ್ಲಿ ಬೀಗತಿ ಸೆರಗಿನಿಂದ ಅಂಚಿನವರೆಗೆ ಕೈಯಾಡಿಸಿ, "ಕಡದ ಎಳಿ ಕೂಡಿಸಿದ ಗಂಟು ಒಂದೂ ಇಲ್ಲ! ನಿಮ್ಮ ಮನ್ಯಾಗ ಇಲಿ ಇಲ್ಲೇನ್ರೀ?" ಎಂದು ಕೇಳಿದಳು. "ಬೇಕಾದಷ್ಟು ಅದಾವ್ರಿ. ಆದ್ರ ನಮ್ಮವು ಹೇಳಿದ ಮಾತು ಕೇಳ್ತಾವು" ಎಂದಳು ಅಜ್ಜಿ. ಅಕ್ಕ ತಲೆಯೆತ್ತಿಕೊಂಡೇ ಹಸೆಮಣೆ ಏರಿದಳು. ಅಷ್ಟು ಗೆದ್ದ ಮುಖವನ್ನು ನಾನು ಮತ್ತೆ ನೋಡಿಲ್ಲ.

ಅಜ್ಜಿ ಹೋದಳು, ಅಪ್ಪ ಹೋದ, ಹೋದ ವರ್ಷ ಅಕ್ಕನೂ ಹೋದಳು. ಮೊನ್ನೆ ಬೆಟಗೇರಿಗೆ ಹೋದವಳು ಆ ಮನೆಯ ಬಾಗಿಲು ತಟ್ಟಿದೆ. ಈಗಿರುವವರು ಒಳ್ಳೆಯ ಜನ, ಕೂಡಿಸಿ ಚಹಾ ಕೊಟ್ಟರು. ಕುಣಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿದ್ದಾರೆ. "ಇಲಿ ಕಾಟ ಐತೇನವ್ವಾ?" ಎಂದೆ. "ಒಂದೂ ಇಲ್ಲ ನೋಡ್ರಿ" ಎಂದಳು ಮನೆಯಾಕೆ, ಹೆಮ್ಮೆಯಿಂದ. ನನಗೆ ಅಳು ಒತ್ತರಿಸಿ ಬಂತು. ಇಲಿ ಯಾಕೆ ಬಂದೀತು? ಆ ಮನೆಯಲ್ಲಿ ಕಡಿಯಲು ಒಂದೆಳೆ ನೂಲಿಲ್ಲ.