ವಿಶ್ವೇಶ್ವರರ ಎರಡು ಅಗ್ಗಿಷ್ಟಿಕೆಗಳು

ತಿರುವನಂತಪುರದಲ್ಲಿ ಚಳಿಗಾಲ ಎಂದರೆ ಫ್ಯಾನನ್ನು ಐದರಿಂದ ನಾಲ್ಕಕ್ಕೆ ಇಳಿಸುವ ಕಾಲ. ಅಂಥ ಊರಿನ ಶ್ರೀಕಾರ್ಯಂ ಬಡಾವಣೆಯಲ್ಲಿ, ಶೆಡ್ಡಿನೊಳಗಿದ್ದ ಕಾರನ್ನು ಮಳೆಗೆ ತಳ್ಳಿ, ಆ ಜಾಗದಲ್ಲಿ ವಿಶ್ವೇಶ್ವರ ಅವರು ಅಗ್ಗಿಷ್ಟಿಕೆಗೆ ಮರದ ಚೌಕಟ್ಟು ಮಾಡಲು ಕೂತರು. ಅಗ್ಗಿಷ್ಟಿಕೆ ಎಂಬ ಪದದಲ್ಲಿ ಅಗ್ಗವೂ ಇದೆ, ಇಷ್ಟವೂ ಇದೆ. ಅವರ ಪತ್ನಿ ನಿರ್ಮಲ ಹೇಳುವ ಪ್ರಕಾರ ಈ ಕೆಲಸದಲ್ಲಿ ಎರಡೂ ಇರಲಿಲ್ಲ.

ಮೂಲ ಕಾರಣ ಅಳಿಯ ಅನೀಶ್. ಮಗಳು ಪಾವನಾಗೆ ಕೊಚ್ಚಿಯ ಕಳಮಶ್ಶೇರಿಯಲ್ಲಿ ಕೆಲಸ, ಅದೇ ಊರಿನ ವೈಟ್ಟಿಲದ ಹತ್ತಿರ ಒಂಬತ್ತನೇ ಮಹಡಿಯಲ್ಲಿ ಹೊಸ ಫ್ಲ್ಯಾಟ್. ಅದರ ಹಾಲ್‌ಗೆಂದು ಅನೀಶ್ ಒಂದು ವಿದ್ಯುತ್ ಅಗ್ಗಿಷ್ಟಿಕೆ ತರಿಸಿದ. ಗಾಜಿನ ಹಿಂದೆ ಕಿತ್ತಳೆ ಬಣ್ಣದ ಜ್ವಾಲೆ ಕುಣಿಯುತ್ತದೆ. ಎರಡು ಬಟನ್: ಒಂದು ಒತ್ತಿದರೆ ಬಿಸಿಯಿರುವ ಬೆಂಕಿ, ಇನ್ನೊಂದು ಒತ್ತಿದರೆ ಬಿಸಿಯಿಲ್ಲದ ಬೆಂಕಿ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ನರಕದ ಬಗ್ಗೆ ಅಷ್ಟೆಲ್ಲ ಹೇಳಿಕೊಟ್ಟರೂ ಇಂಥ ಸೌಕರ್ಯ ಉಂಟೆಂದು ಒಮ್ಮೆಯೂ ತಿಳಿಸಿರಲಿಲ್ಲ.

ಬರಿಯ ಗಾಜಿನ ಪೆಟ್ಟಿಗೆಯನ್ನು ಗೋಡೆಗೆ ಅಂಟಿಸಿದರೆ ಮೈಕ್ರೋವೇವ್ ಒಲೆಯ ಹಾಗೆ ಕಂಡಿತು. ಪಾವನಾ ಅಪ್ಪನಿಗೆ ಫೋನ್ ಮಾಡಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಮಲಯಾಳದಲ್ಲಿ.

"ಅಪ್ಪಾ, ಅದಿನೊರು ಫ್ರೇಮ್ ವೇಣಂ, ಬೇಕೇ ಬೇಕು. ಮೇಲೊಂದು ಶೆಲ್ಫ್, ಎರಡು ಸೈಡಿಗೂ ಕಬೋರ್ಡ್. ಇಲ್ಲಿನ ಕಾರ್ಪೆಂಟರ್ ಪಾಲುಕಾಚಲ್ ಕಳೆದ ಮೇಲೆ ಬರ್ತಾನಂತೆ."

ಪಾಲುಕಾಚಲ್ ಎಂದರೆ ಹಾಲುಕ್ಕಿಸುವ ಗೃಹಪ್ರವೇಶ. ಅದಕ್ಕೆ ಮೂರು ತಿಂಗಳಿತ್ತು.

"ನಾನು ಮಾಡಿಕೊಡ್ತೀನಿ" ಎಂದರು ವಿಶ್ವೇಶ್ವರ.

ನಿರ್ಮಲ ಅಡುಗೆಮನೆಯಿಂದ ಓಡಿಬಂದರು. ಗಂಡ ಇದುವರೆಗೆ ಮನೆಯಲ್ಲಿ ಗೋಡೆಗೊಂದು ಮೊಳೆ ಹೊಡೆದವರಲ್ಲ.

ಆದರೆ ವಿಶ್ವೇಶ್ವರರಿಗೆ ಇದು ಮಗಳ ಹಾಲ್‌ನ ಅಲಂಕಾರದ ಪ್ರಶ್ನೆ ಆಗಿರಲಿಲ್ಲ. ನಿವೃತ್ತರಾಗುವ ತನಕ ಮೂವತ್ತೊಂದು ವರ್ಷ ಬಾಹ್ಯಾಕಾಶ ಕೇಂದ್ರದಲ್ಲಿ ಅವರು ರಾಕೆಟ್ಟಿನ ಕೆಳಹಂತದ ಒಂದು ಕವಾಟವನ್ನು ಮಾಡುತ್ತಿದ್ದರು. ಎರಡೂವರೆ ನಿಮಿಷ ಕೆಲಸ ಮಾಡಿ ಅದು ಬಂಗಾಳ ಕೊಲ್ಲಿಗೆ ಬೀಳುತ್ತದೆ. ಚೆನ್ನಾಗಿ ಮಾಡಿದರೂ ಸಮುದ್ರಕ್ಕೆ, ಕೆಡಿಸಿದರೂ ಸಮುದ್ರಕ್ಕೆ. ಪಾವನಾ ಮೂರನೇ ಕ್ಲಾಸಿನಲ್ಲಿದ್ದಾಗ, ಅಪ್ಪ ಮಾಡುವ ಕೆಲಸದ ಒಂದು ವಸ್ತು ತನ್ನಿ ಎಂದು ಟೀಚರ್ ಹೇಳಿದ್ದರು. ದಂತವೈದ್ಯರ ಮಗ ಒಂದು ಸೆಟ್ ಹಲ್ಲು ತಂದ. ಪಾವನಾ ಬರಿಗೈಯಲ್ಲಿ ನಿಂತು, "ನನ್ನ ಅಪ್ಪ ಮಾಡಿದ್ದೆಲ್ಲಾ ಸಮುದ್ರದಲ್ಲಿದೆ" ಎಂದಳು. ಆ ವರ್ಷವಿಡೀ ಕ್ಲಾಸಿನವರು ಅವಳಪ್ಪ ಮೀನುಗಾರ ಎಂದೇ ತಿಳಿದಿದ್ದರು.

"ನಾನು ಮಾಡಿದ್ದು ಒಂದಾದರೂ ಭೂಮಿ ಮೇಲಿರಬೇಕು ಕಣೇ. ಬೇಕಾದಾಗ ಹೋಗಿ ಕೈಯಿಟ್ಟು ನೋಡೋ ಹಾಗಿರಬೇಕು" ಎಂದರು ವಿಶ್ವೇಶ್ವರ. ಉಳಿ ಹಿಡಿದರೆ ಏನಾದರೂ ಉಳಿದೀತು ಎಂಬುದು ಅವರ ಆಸೆ. ನಿರ್ಮಲ ಒಳಗೆ ಹೋದರು.

ಕಲಿಸಿಕೊಡಲು ಬೆಳಿಗ್ಗೆ ಒಂದು ಗಂಟೆ ಬರುತ್ತೇನೆಂದು ಪಕ್ಕದ ರಸ್ತೆಯ ಜನಾರ್ದನನ್ ಆಶಾರಿ ಒಪ್ಪಿಕೊಂಡರು. ಎಪ್ಪತ್ತರ ಬಡಗಿ. ಮೊದಲ ದಿನ ವಿಶ್ವೇಶ್ವರ ಹದಿನಾಲ್ಕು ಹಾಳೆಯ ನಕ್ಷೆ ಬಿಚ್ಚಿದರು. ಎಲ್ಲೂ ಅರ್ಧ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬರುವಂತಿಲ್ಲ ಎಂದು ಪ್ರತಿ ಹಾಳೆಯ ಅಡಿಯಲ್ಲೂ ಬರೆದಿತ್ತು. ಆಶಾರಿ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಹಲಗೆಯ ಮೇಲೊಂದು ಗೆರೆ ಎಳೆದರು.

"ಸಾರೇ, ಈ ಗೆರೆಯೇ ಒಂದು ಮಿಲ್ಲಿ ದಪ್ಪ ಇದೆ. ನಿಮ್ಮ ಅರ್ಧ ಮಿಲ್ಲಿಯನ್ನ ಇದರ ಒಳಗಿಡಲೋ, ಹೊರಗಿಡಲೋ?" ಎಂದು ಮಲಯಾಳದಲ್ಲಿ ಕೇಳಿದರು.

ಅಂದಿನಿಂದ ಪೆನ್ಸಿಲ್ ಚೂಪು ಮಾಡುವುದೇ ಅರ್ಧ ಗಂಟೆಯ ಕೆಲಸವಾಯಿತು. ಬಾಗಿಲಿನ ಕೀಲು ಕೊಳ್ಳಲು ಇಬ್ಬರೂ ಚಾಲೈ ಪೇಟೆಗೆ ಹೋದರೆ, ವಿಶ್ವೇಶ್ವರ ಜೇಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದು ಹಿತ್ತಾಳೆ ಕೀಲುಗಳನ್ನು ಒಂದೊಂದಾಗಿ ಅಳೆದರು. ಅಂಗಡಿಯವನು ಆಶಾರಿಯನ್ನು ಪಕ್ಕಕ್ಕೆ ಕರೆದು, "ಇನ್ಸ್‌ಪೆಕ್ಟರಾ?" ಎಂದು ಮೆಲ್ಲಗೆ ವಿಚಾರಿಸಿದ.

ಐದು ವಾರದಲ್ಲಿ ಆಂಜಿಲಿ ಮರದ, ಅಂದರೆ ನಮ್ಮ ಹೆಬ್ಬಲಸಿನ ಚೌಕಟ್ಟು ಎದ್ದು ನಿಂತಿತು. ನಡುವೆ ಬೆಂಕಿ ಕೂರುವ ಬಾಯಿ, ಎರಡು ಪಕ್ಕ ಕಪಾಟು ಮತ್ತು ಡ್ರಾಯರು, ಮೇಲೆ ಉದ್ದಕ್ಕೂ ಅಗಲವಾದ ಹಲಗೆ. ಹಳದಿ ಮರ ಬೆಣ್ಣೆಯ ಹಾಗಿತ್ತು. "ಪರವಾಗಿಲ್ವೇ!" ಎಂದರು ನಿರ್ಮಲ. ಅವರ ಬಾಯಲ್ಲಿ ಅದು ಪದ್ಮಪ್ರಶಸ್ತಿ.

"ಇನ್ನು ಪಾಲಿಶ್ ಹೊಡೆದು ಕಳಿಸಬಹುದು" ಎಂದರು ಆಶಾರಿ.

"ಇದು ಹೋಗೋದಲ್ಲ" ಎಂದರು ವಿಶ್ವೇಶ್ವರ. "ಇದು ಕ್ವಾಲಿಫಿಕೇಶನ್ ಮಾಡೆಲ್."

ಆಶಾರಿ ಉಳಿ ಕೆಳಗಿಟ್ಟರು. ವಿಶ್ವೇಶ್ವರ ವಿವರಿಸಿದರು: ರಾಕೆಟ್ ಕೆಲಸದಲ್ಲಿ ಯಾವುದನ್ನೂ ಒಂದೇ ಮಾಡುವುದಿಲ್ಲ, ಅವಳಿ ಮಾಡುತ್ತಾರೆ. ಒಂದನ್ನು ಕಾಯಿಸಿ, ಕುಲುಕಿ, ಜಜ್ಜಿ ಪರೀಕ್ಷೆ ಮಾಡುತ್ತಾರೆ. ಅದು ಪಾಸಾದರೆ ಇನ್ನೊಂದು ಹಾರುತ್ತದೆ. ಪೆಟ್ಟು ತಿಂದದ್ದು ಯಾವತ್ತೂ ಹಾರುವಂತಿಲ್ಲ.

"ವೈಟ್ಟಿಲದಲ್ಲಿ ಅದು ಹಾರುತ್ತಾ?" ಎಂದು ನಿರ್ಮಲ ಕೇಳಿದರು.

"ಇದು ತತ್ವದ ಪ್ರಶ್ನೆ ಕಣೇ."

ಪರೀಕ್ಷೆಗಳು ಶುರುವಾದವು. ಮೇಲಿನ ಹಲಗೆಯ ಮೇಲೆ ಎರಡು ಮೂಟೆ ಅಕ್ಕಿ, ಅದರ ಮೇಲೆ ಆಶಾರಿ. ಯಾರಾದರೂ ತಪ್ಪಿ ಬಿಸಿಯ ಬಟನ್ ಒತ್ತಿದರೆ ಎಂದು, ಕಾದ ಇಸ್ತ್ರಿಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟು ಗಡಿಯಾರ ನೋಡುತ್ತಾ ಕೂತರು. ಮರದ ಮೇಲೆ ದೋಣಿಯಾಕಾರದ ಕಪ್ಪು ಗುರುತು ಉಳಿಯಿತು. ಕಂಪನದ ಪರೀಕ್ಷೆಗೆ ಗೂಡ್ಸ್ ಆಟೋದಲ್ಲಿ ಅದನ್ನು ಹೇರಿ, ಅಗೆದುಹಾಕಿದ್ದ ರಸ್ತೆಯಲ್ಲೇ ಕಳಕ್ಕೂಟ್ಟಂ ತನಕ ಹೋಗಿ ಬಂದರು. ತೇವಾಂಶದ ಪರೀಕ್ಷೆಯನ್ನು ಊರೇ ಪುಕ್ಕಟೆಯಾಗಿ ಮಾಡಿಕೊಟ್ಟಿತು. ಕೊನೆಗೆ ಸ್ಟೂಲ್ ಹತ್ತಿ ಹಲಗೆಯ ಮೇಲೆ ತೆಂಗಿನಕಾಯಿ ಎತ್ತಿ ಹಾಕಿದರು.

"ಒಂಬತ್ತನೇ ಮಹಡಿ ಹಾಲ್‌ನಲ್ಲಿ ತೆಂಗಿನಕಾಯಿ ಎಲ್ಲಿಂದ ಬೀಳುತ್ತೆ ರೀ?"

"ಬೀಳಲ್ಲ. ಬಿದ್ದರೆ ಅಂತ."

ಒಂದು ಭಾನುವಾರ ಪಾವನಾ ಬಂದಳು. ಶೆಡ್ಡಿನಲ್ಲಿ ಗಾಯಾಳುವಿನ ಹಾಗೆ ನಿಂತಿದ್ದ ಚೌಕಟ್ಟನ್ನು ಸವರಿ, "ಇದು ಮತಿ ಅಪ್ಪಾ, ಇಷ್ಟು ಸಾಕು. ನಲ್ಲ ಭಂಗಿಯುಂಡ್, ತುಂಬಾ ಚೆನ್ನಾಗಿದೆ" ಎಂದಳು.

"ಟೆಸ್ಟ್ ಆದದ್ದು ಹಾರೋ ಹಾಗಿಲ್ಲ ಪುಟ್ಟಿ."

"ಮೂವತ್ತೆರಡು ವರ್ಷದಿಂದ ನಾನೂ ನಿಮ್ಮ ಜೊತೆ ಟೆಸ್ಟ್ ಆಗ್ತಾ ಇದೀನಿ" ಎಂದರು ನಿರ್ಮಲ. "ನಾನೂ ಇನ್ನು ಹಾರೋ ಹಾಗಿಲ್ವಾ?"

ವಿಶ್ವೇಶ್ವರ ಜಗ್ಗಲಿಲ್ಲ. ಆಶಾರಿ ಹಳೆಯ ಮನೆಯೊಂದರ ಬಾಗಿಲುವಾಡದ ತೇಗ ಹುಡುಕಿ ತಂದರು. ಎರಡನೆಯದು ಪಾಲುಕಾಚಲ್‌ಗೆ ನಾಲ್ಕು ದಿನವಿರುವಾಗ ಮುಗಿಯಿತು. ಇದ್ದ ಮೂರು ಹಾಸಿಗೆಯನ್ನೂ ಅದಕ್ಕೆ ಸುತ್ತಿ ಟೆಂಪೋ ಹತ್ತಿಸಿದ್ದರಿಂದ ಹೊರಡುವ ತನಕ ಮನೆಯವರು ಚಾಪೆಯ ಮೇಲೆ ಮಲಗಿದರು.

ಕೊಚ್ಚಿಯಲ್ಲಿ ಚೌಕಟ್ಟು ಗೋಡೆಗೆ ಹೇಳಿ ಮಾಡಿಸಿದಂತೆ ಕೂತಿತು. ಹೇಳಿಯೇ ಮಾಡಿಸಿದ್ದು ಬಿಡಿ. ಗೃಹಪ್ರವೇಶದ ದಿನ ಎಸಿಯನ್ನು ಹದಿನೆಂಟಕ್ಕಿಳಿಸಿ, ಅನೀಶ್ ಬಿಸಿಯಿಲ್ಲದ ಬೆಂಕಿ ಹೊತ್ತಿಸಿದ. ಬಂದವರೆಲ್ಲ ಅದರ ಮುಂದೆ ಕೈಚಾಚಿ ಫೋಟೋ ತೆಗೆಸಿಕೊಂಡರು. ಯಾವ ಅಂಗಡಿಯದೆಂದು ಕೇಳಿದವರಿಗೆಲ್ಲ ಪಾವನಾ, "ಎಂಡೆ ಅಪ್ಪ, ನನ್ನಪ್ಪ ಮಾಡಿದ್ದು" ಎಂದು ಗಟ್ಟಿಯಾಗಿ ಹೇಳಿದಳು. ವಿಶ್ವೇಶ್ವರರ ಕಣ್ಣು ಮಂಜಾಯಿತು. ಗುಂಪು ಕರಗಿದ ಮೇಲೆ ಹತ್ತಿರ ಹೋಗಿ ಕೈ ಚಾಚಿದರು.

"ಅಯ್ಯೋ ಅಚ್ಛಾ, ಪ್ಲೀಸ್!" ಎಂದು, ಮಾವನನ್ನು ಮಲಯಾಳದಲ್ಲಿ ಅಪ್ಪ ಎಂದೇ ಕರೆಯುವ ಅನೀಶ್ ಓಡಿಬಂದ. ಕೈಯಲ್ಲಿ ಮಾವನೇ ಬರೆದುಕೊಟ್ಟಿದ್ದ ಬಳಕೆಯ ಕೈಪಿಡಿ. "ಪೇಜ್ ಮೂರು. ಪಾಲಿಶ್ ಆರಲು ಇಪ್ಪತ್ತೊಂದು ದಿನ. ಅಲ್ಲಿ ತನಕ ಯಾರೂ ಮುಟ್ಟಬಾರದು."

ನಿಯಮ ಬರೆದವರು ಕೈ ಹಿಂದಕ್ಕೆ ತೆಗೆದುಕೊಂಡರು.

ಮರುದಿನ ನಿರ್ಮಲ ರೈಲಿನಲ್ಲಿ ವಾಪಸಾದರು. ಉಡಾವಣೆಯ ನಂತರದ ವೀಕ್ಷಣೆಗೆಂದು ವಿಶ್ವೇಶ್ವರ ಮೂರು ದಿನ ಉಳಿದರು. ಸೋಫಾದಲ್ಲಿ ಕೂತು ಎಂಟು ಅಡಿ ದೂರದಿಂದ ನೋಡಿದರು. ಮಗಳು ಅಳಿಯ ಆಫೀಸಿಗೆ ಹೋದ ಮೇಲೂ ಎದ್ದು ಹೋಗಿ ಮುಟ್ಟಲಿಲ್ಲ. ಅವರು ಅಂಥ ಮನುಷ್ಯ. ಮೂವತ್ತೊಂದು ವರ್ಷವೂ ಹೀಗೆಯೇ, ಮಾಡಿ ಕಳಿಸಿ, ಪರದೆಯ ಮುಂದೆ ಕೂತು ನೋಡಿದ್ದು. ಇದೂ ಹಾರಿತು ಎನ್ನಿಸಿತು. ವೈಟ್ಟಿಲದಲ್ಲಿ ಬಸ್ ಹತ್ತಿದವರು, ಆಲಪ್ಪುಳದ ತನಕ ಕಿಟಕಿಯಾಚೆ ನೋಡುತ್ತಾ ಕೂತು, ಆಮೇಲೆ ಡೈರಿ ತೆಗೆದು ಉಳಿದಿದ್ದ ಕೊನೆಯ ಕೆಲಸದ ಪಟ್ಟಿ ಬರೆದರು. ಉಡಾವಣೆ ಯಶಸ್ವಿಯಾದ ಮೇಲೆ ಪೆಟ್ಟು ತಿಂದ ಅವಳಿಯನ್ನು ಬಿಚ್ಚಿ ವಿಲೇವಾರಿ ಮಾಡಬೇಕು. ಮೊದಲು ಕೀಲು, ಆಮೇಲೆ ಬಾಗಿಲು, ಕೊನೆಗೆ ಹಲಗೆ.

ಮನೆಗೆ ಬಂದರೆ ಶೆಡ್ಡಿನಲ್ಲಿ ಕಾರು ನಿಂತಿತ್ತು.

"ಅದೆಲ್ಲಿ?"

"ಒಳಗೆ" ಎಂದರು ನಿರ್ಮಲ. "ಆಶಾರಿ ನಾಲ್ಕು ಜನರನ್ನ ಕರ್ಕೊಂಡು ಬಂದು ಇಟ್ಟುಕೊಟ್ಟರು."

ಊಟದ ಕೋಣೆಯ ಗೋಡೆಗೆ ಚೌಕಟ್ಟು ಆತುಕೊಂಡಿತ್ತು. ಹಲಗೆಯ ಮೇಲೆ ಉಪ್ಪಿನಕಾಯಿ ಭರಣಿಗಳು ಸಾಲಾಗಿ ಕೂತಿದ್ದವು. ಇಸ್ತ್ರಿಯ ಕಪ್ಪು ಗುರುತಿನ ಮೇಲೆ ಮಿಕ್ಸಿ. ಬೆಂಕಿ ಕೂರಬೇಕಾದ ಬಾಯಲ್ಲಿ ಗ್ಯಾಸ್ ಸಿಲಿಂಡರ್.

"ಅಲ್ಲಿ ಯಾರಾದರೂ ಸಿಲಿಂಡರ್ ಇಡ್ತಾರೇನೇ!"

"ಖಾಲಿ ಇದೆ. ನಿಮ್ಮ ಅಳಿಯನ ಬೆಂಕಿಯಷ್ಟೇ ಖಾಲಿ."

"ನಿರ್ಮಲ, ಇದನ್ನ ಬಿಚ್ಚಬೇಕು. ರೂಲ್ ಇದೆ." ಅವರು ಪಟ್ಟಿಯನ್ನು ಮುಂದೆ ಹಿಡಿದರು.

ನಿರ್ಮಲ ಪಟ್ಟಿಯ ಕಡೆ ಕಣ್ಣೂ ಹಾಯಿಸಲಿಲ್ಲ. "ಬಿಚ್ಚೋದು ಆಮೇಲೆ. ಮೊದಲು ಬಲಗಡೆ ಡ್ರಾಯರ್ ನೋಡಿ. ಮಳೆಗೆ ಊದಿಕೊಂಡು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿದೆ. ನನ್ನ ಸೌಟು, ಜಾಲರಿ ಎಲ್ಲಾ ಅದರೊಳಗಿದೆ. ಎಂಥಾ ಕೆಲಸ ರೀ ಮಾಡಿದೀರಿ? ಬೆಳಿಗ್ಗೆಯಿಂದ ಎಳೆದೂ ಎಳೆದೂ ನನ್ನ ತೋಳು ಬಿದ್ದುಹೋಯ್ತು!"

ವಿಶ್ವೇಶ್ವರ ಕನ್ನಡಕ ಸರಿಮಾಡಿಕೊಂಡರು. ಅಷ್ಟು ವರ್ಷದ ಸೇವೆಯಲ್ಲಿ ಅವರು ಮಾಡಿದ ವಸ್ತುವಿನ ಮೇಲೆ ಬಳಸಿದವರೊಬ್ಬರು ದೂರು ಹೇಳಿದ್ದು ಇದೇ ಮೊದಲು.

ಪಟ್ಟಿಯನ್ನು ಮಡಿಚಿ ಜೇಬಿಗೆ ತುರುಕಿದರು. ಚೀಲವನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು ನೆಲಕ್ಕೆ ಕೂತು, ಒಂದು ಅಂಗೈಯನ್ನು ಕಪಾಟಿನ ಪಕ್ಕಕ್ಕೆ ಒತ್ತಿ ಹಿಡಿದು, ಇನ್ನೊಂದರಿಂದ ಡ್ರಾಯರನ್ನು ಎಳೆದರು. ಅದು ಕಿರ್ರೆಂದು ಅರ್ಧಕ್ಕೆ ನಿಂತಿತು.

"ಸರಿಯಾಗಿ ಹೇಳು" ಎಂದರು, ಮುಖ ಅರಳಿಸಿ. "ಯಾವ ಕಡೆ ಹಿಡಿಯುತ್ತೆ? ಮೇಲೋ, ಕೆಳಗೋ?"