ಮೇಲೆ ಇದ್ದದ್ದು ಇಬ್ಬರು

ಬೆಳಗ್ಗೆ ಆರೂ ಹತ್ತು. ಜಾಲ್ಸೂರಿನಿಂದ ಪಯಸ್ವಿನಿ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಲೈನ್‌ಮ್ಯಾನ್ ತೀರ್ಥರಾಮ ಕಂಬದ ತುದಿಯಲ್ಲಿದ್ದಾರೆ. ಸೊಂಟಕ್ಕೆ ಬೆಲ್ಟು, ಕೈಗೆ ರಬ್ಬರ್ ಗ್ಲೌಸ್, ಮೂಗಿಗೆ ಮಾಸ್ಕ್. ಅವರೆದುರು ಎರಡು ತಂತಿಗಳ ನಡುವೆ ದೊಡ್ಡದೊಂದು ಬಾವಲಿ ರೆಕ್ಕೆ ಬಿಚ್ಚಿಕೊಂಡೇ ಸತ್ತು ನೇತಾಡುತ್ತಿದೆ. ಅದರ ಎದೆಗೆ ಕಚ್ಚಿಕೊಂಡ ಮರಿಗೆ ಇನ್ನೂ ಜೀವ ಇದೆ. ಅದು ಕಿರುಚುವುದು, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದು ಕೆಳಗೆ ನಿಂತ ನನಗೂ ಕೇಳಿಸುತ್ತದೆ.

ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್‌ಗೆ ಫೋನ್ ಮಾಡಿ 'ಲೈನ್ ಕ್ಲಿಯರ್' ತೆಗೆದುಕೊಳ್ಳಬೇಕು. ಕರೆಂಟ್ ನಿಲ್ಲಿಸಿದ್ದೇವೆ ಎಂದು ಅಲ್ಲಿಂದ ಮಾತು ಬಂದ ಮೇಲೆಯೇ ತಂತಿ ಮುಟ್ಟುವುದು. ಕೆಲಸ ಮುಗಿಸಿ ಇಳಿದ ಮೇಲೆ, ತೆಗೆದುಕೊಂಡವರೇ ಫೋನ್ ಮಾಡಿ ಅದನ್ನು ವಾಪಸ್ ಕೊಡಬೇಕು. ಬೇರೆ ಯಾರು ಗದರಿದರೂ ಲೈನ್ 'ಚಾರ್ಜ್' ಮಾಡುವಂತಿಲ್ಲ, ಅಂದರೆ ತಂತಿಗೆ ಕರೆಂಟ್ ಬಿಡುವಂತಿಲ್ಲ. ತೀರ್ಥರಾಮ ಕೇಳಿದ್ದು ಇಪ್ಪತ್ತು ನಿಮಿಷ. ಈಗ ಇಪ್ಪತ್ತೈದಾಗಿದೆ, ಮರಿಯ ಉಗುರು ತಾಯಿಯ ರೋಮದಿಂದ ಬಿಡುತ್ತಿಲ್ಲ.

"ಎಂತ ಮಾರಾಯ್ರೆ, ಒಂದು ಬಾವಲಿಗೆ ಬೇಕಾಗಿ ಇಡೀ ಊರಿಗೆ ಕರೆಂಟ್ ಇಲ್ವಾ?" ಕೆಳಗಿನಿಂದ ಶ್ರೀರಾಮ ಕೂಗುತ್ತಾರೆ. ಪಕ್ಕದ ತೆಂಗಿನ ತೋಟ ಅವರದ್ದು. ಸುತ್ತ ಏಳೆಂಟು ಜನ ಸೇರಿದ್ದಾರೆ, ಯಾರೊಬ್ಬರೂ ಮೇಲೆ ಹತ್ತಿದವರ ಬಗ್ಗೆ ಕೇಳುವುದಿಲ್ಲ. ನನಗೆ ಸಿಟ್ಟು ಬರುತ್ತದೆ. ಆದರೆ ಶ್ರೀರಾಮರ ಕಣ್ಣಲ್ಲಿರುವುದು ಹೆದರಿಕೆ ಎಂಬುದೂ ಕಾಣುತ್ತದೆ. ಗಡಿಯ ಆಚೆ ಕೇರಳದಲ್ಲಿ, ಬಾವಲಿಯಿಂದ ಹರಡುವ ನಿಫಾ ಜ್ವರದ ಸುದ್ದಿ ಬಂದಾಗಲೆಲ್ಲ ಈಚೆಯವರ ನಿದ್ದೆ ಕೆಡುತ್ತದೆ.

ತೀರ್ಥರಾಮ ಕೋಡಿಂಬಾಳದವರು, ಈಗ ಮನೆ ಈ ದಾರಿಯಲ್ಲೇ, ವಯಸ್ಸು ಮೂವತ್ತಾರು. ಅವರ ಸುಪರ್ದಿಯಲ್ಲಿ ನಾನೂರ ಹದಿನೆಂಟು ಕಂಬಗಳಿವೆ, ದಿನಕ್ಕೆ ಹದಿನೈದಾದರೂ ದೂರು. ಆರು ಬೇಸಗೆಗಳಲ್ಲಿ ತಂತಿಯಿಂದ ಇಳಿಸಿದ ಸತ್ತ ಬಾವಲಿಗಳು ನಲವತ್ತಮೂರು, ಬದುಕಿದ್ದ ಮರಿಗಳು ಹನ್ನೊಂದು. ಮರಿಗಳನ್ನು ಅರಣ್ಯ ಇಲಾಖೆಯ ಸಿಬ್ಬಂದಿ ಆರೈಕೆ ಕೇಂದ್ರಕ್ಕೆ ಒಯ್ಯುತ್ತಾರೆ. ಈ ಲೆಕ್ಕವನ್ನು ತೀರ್ಥರಾಮರನ್ನು ಬಿಟ್ಟರೆ ಯಾರೂ ಇಟ್ಟಿಲ್ಲ.

"ಶಾಲೆಯಲ್ಲಿ ಎಲ್ಲರೂ ಆಡುವಾಗ ನಾನು ಮರ ನೋಡ್ತಾ ಕೂತುಕೊಳ್ಳುದು. ಬಾವಲಿ ಅಂತ ಹೆಸರಿಟ್ರು," ಎಂದು ನಿನ್ನೆ ಆಫೀಸಿನ ಮೆಟ್ಟಿಲಲ್ಲಿ ಕೂತು ಹೇಳಿದ್ದರು. "ಮೊದಲು ಅಳು ಬರ್ತಿತ್ತು. ಈಗ ಹಾಗೆ ಕರೆದ್ರೆ ತಿರುಗಿ ನೋಡ್ತೇನೆ. ನಾನೇ ಅಲ್ವಾ ಅದು? ರಕ್ತ ಕುಡಿತದೆ ಅಂತಾರೆ ಜನ. ಪಾಪ, ಹಣ್ಣು ತಿಂದು ಬದುಕುವಂಥದ್ದು."

ಕಂಬದಿಂದ ಮೂವತ್ತು ಹೆಜ್ಜೆ ದೂರದ ಧೂಪದ ಮರದಲ್ಲಿ ಮುನ್ನೂರಕ್ಕೂ ಹೆಚ್ಚು ಬಾವಲಿಗಳಿವೆ. ಅದನ್ನು ಕಡಿಸಬೇಕೆಂದು ಪಂಚಾಯತಿಗೆ ಅರ್ಜಿ ಹೋಗಿದೆ, ಸೋಮವಾರ ತೀರ್ಮಾನ. ಬಾವಲಿಯನ್ನು ಮುಟ್ಟಬೇಡಿ, ಅದು ಕಚ್ಚಿದ ಹಣ್ಣು ತಿನ್ನಬೇಡಿ, ಮರ ಕಡಿದರೆ ಅವು ಊರೆಲ್ಲ ಚದುರುತ್ತವೆ ಎಂದು ಆರೋಗ್ಯ ಕಾರ್ಯಕರ್ತೆ ಹೇಳಿ ಹೋಗಿದ್ದಾರೆ. ಕೇಳುವ ಕಿವಿ ಇರಲಿಲ್ಲ. ಈ ತಿಂಗಳು ಮರದ ತುಂಬ ಮರಿಗಳಿವೆ, ಮಳೆ ಹಿಡಿಯುವ ಮೊದಲು ಅವಕ್ಕೆ ಹಾರಲು ಬಾರದು. ಕೊಂಬೆಗಳ ಕೆಳಗೇ ತಂತಿ ಹೋಗಿರುವುದರಿಂದ ಮರ ಕಡಿಯಲೂ ಲೈನ್ ಕ್ಲಿಯರ್ ಬೇಕು. ತೆಗೆದುಕೊಡಬೇಕಾದವರು ತೀರ್ಥರಾಮರೇ.

"ಆಗುದಿಲ್ಲ ಅಂತ ಹೇಳ್ಲಿಕ್ಕೆ ಬರುದಿಲ್ಲ, ಕೆಲಸ ಅದು. ಮರ ಬೀಳುವಾಗ ನಾನು ಅಲ್ಲೇ ನಿಂತಿರ್ಬೇಕು," ಎಂದು ನಿನ್ನೆ ಹೇಳಿದ್ದರು. ಅರ್ಜಿಯಲ್ಲಿ ಮೂವತ್ತೆರಡು ಸಹಿಗಳಿವೆ. ಮೊದಲನೆಯದು ಅವರ ಹೆಂಡತಿ ನಿಶ್ಮಿತಾರದ್ದು.

ಮನೆಯಲ್ಲಿ ಎಂಟು ತಿಂಗಳ ಮಗಳಿದ್ದಾಳೆ. "ಇವರ ಮೇಲೆ ಸಿಟ್ಟಿಲ್ಲ. ಆದ್ರೆ ಮಗು ಉಂಟಲ್ಲ? ಹೆದರಿಕೆ ಆಗುದಿಲ್ವಾ?" ಎಂದು ನನ್ನನ್ನೇ ಕೇಳಿದ್ದರು ನಿಶ್ಮಿತಾ. ಒಂದು ತಿಂಗಳಿಂದ ಗಂಡ ಹೆಂಡತಿಯ ನಡುವೆ ಮಾತು ಅಷ್ಟಕ್ಕಷ್ಟೆ.

ಮೂವತ್ತೆರಡನೇ ನಿಮಿಷ. ಗಲಾಟೆ ಕೇಳಿ ನಿಶ್ಮಿತಾ ಓಡಿಬರುತ್ತಾರೆ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಂದಿರಬೇಕು, ಹೆಗಲ ಮೇಲೆ ಮಗುವಿನ ಬಟ್ಟೆ ಹಾಗೇ ಇದೆ. "ಬೇಗ ಇಳೀರಿ!" ಎನ್ನುವಾಗ ಅವರ ದನಿ ಒಡೆಯುತ್ತದೆ. ಶ್ರೀರಾಮ ಮೊಬೈಲ್ ತೆಗೆದು ಸಬ್‌ಸ್ಟೇಷನ್‌ಗೆ ಫೋನ್ ಮಾಡಿ ರೇಗುತ್ತಾರೆ: "ಲೈನ್ ಚಾರ್ಜ್ ಮಾಡಿ, ಅವ ಇಳಿದಾಯ್ತು!" ನಿಶ್ಮಿತಾ ಅವರ ಕೈಯಿಂದ ಫೋನ್ ಕಿತ್ತುಕೊಂಡು, "ಇಳೀಲಿಲ್ಲ! ಮೇಲೆ ಇದ್ದಾರೆ!" ಎಂದು ಕಿರುಚುತ್ತಾರೆ. ಆಚೆ ಕಡೆಯವರ ಉತ್ತರ ನಮಗೆಲ್ಲ ಕೇಳಿಸುತ್ತದೆ: "ತೀರ್ಥರಾಮ ಹೇಳದೆ ನಾನು ಕೊಡುದಿಲ್ಲಮ್ಮ."

ತೀರ್ಥರಾಮ ಒಂದೊಂದೇ ಉಗುರು ಬಿಡಿಸಿ, ಮರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಇಳಿಸಿ, ಸತ್ತ ತಾಯಿಯನ್ನು ತಂತಿಯಿಂದ ಬಿಡಿಸಿ ಇನ್ನೊಂದು ಚೀಲದಲ್ಲಿ ಕಟ್ಟಿ, ತಾವೂ ಇಳಿಯುತ್ತಾರೆ. ನಿಶ್ಮಿತಾ ನಾಲ್ಕು ಮಾರು ದೂರದಲ್ಲೇ ನಿಂತು ನೋಡುತ್ತಾರೆ. ತೆರೆದ ಚೀಲದಲ್ಲಿ ಮರಿಯ ಬಾಯಿ ಇನ್ನೂ ಚೀಪುತ್ತಲೇ ಇದೆ.

ತೀರ್ಥರಾಮ ಗ್ಲೌಸ್ ಕಳಚಿ, ಕೈತೊಳೆದು, ಫೋನ್ ಹಚ್ಚುತ್ತಾರೆ.

"ಎಷ್ಟು ಜನ ಇದ್ರಿ ಮೇಲೆ?" ಸಬ್‌ಸ್ಟೇಷನ್‌ನವರ ವಾಡಿಕೆಯ ಪ್ರಶ್ನೆ.

"ಇಬ್ಬರು. ಇಬ್ಬರೂ ಇಳಿದಾಯ್ತು. ಚಾರ್ಜ್ ಮಾಡ್ಬಹುದು."

ಶ್ರೀರಾಮ ತಲೆ ತಗ್ಗಿಸಿ ತೋಟದ ಕಡೆ ಹೋಗುತ್ತಾರೆ. ನಿಶ್ಮಿತಾ ಮಗುವಿನ ಬಟ್ಟೆಯಲ್ಲೇ ಮುಖ ಒರೆಸಿಕೊಂಡು, "ಸೋಮವಾರ ನಾನೂ ಬರ್ತೇನೆ ಪಂಚಾಯತಿಗೆ," ಎನ್ನುತ್ತಾರೆ. "ಮರಿಗಳು ಹಾರುವವರೆಗೆ ಮಾತ್ರ ಮರ ಇರ್ಲಿ. ಮತ್ತೆ ನೋಡುವ. ನೀವು ಸ್ನಾನ ಮಾಡದೆ ಒಳಗೆ ಬರುದು ಬೇಡ."

"ನಿನ್ನ ಸಹಿ?"

"ತೆಗೆದುಕೊಂಡವರೇ ವಾಪಸ್ ಕೊಡ್ಬೇಕು ಅಂತ ನೀವೇ ಹೇಳುದಲ್ವಾ? ಹಾಕಿದವಳೇ ವಾಪಸ್ ತಗೊಳ್ತೇನೆ."